ಜಾಲಹಳ್ಳಿಯ ವಾಲ್ವುಗಳೂ ಹಳೆಯ ರೇಡಿಯೋಗಳ ಕಾಲನಿರ್ಣಯವೂ

ಮೈಸೂರು ಸೀಮೆಯಲ್ಲಿ ರೇಡಿಯೋ ಪ್ರಸಾರವು ಆರಂಭವಾದುದು 1935ರಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಗಳು ತಮ್ಮ ಮನೆಯಲ್ಲಿ ಸ್ಥಾಪಿಸಿದ ನಿಲಯದಿಂದ ಎಂಬುದು ವಿದಿತವೇ ಇದೆ. ನಿಲಯದ ಚರಿತ್ರೆಗೆ ದೊರೆತ ಗಮನವು, ಆ ಕಾಲದ ಜನರು ಪ್ರಸಾರವನ್ನು ಕೇಳಿದ ಯಂತ್ರಗಳ ಚರಿತ್ರೆಗೆ ದೊರೆತಿಲ್ಲ. ಯಂತ್ರದೊಡನೆ ಬಂದ ಕೈಪಿಡಿಯೂ ನಕ್ಷೆಯೂ ಕಳೆದುಹೋಗಿರುವಾಗ, ಯಂತ್ರವನ್ನೇ ಶಾಸನದಂತೆ ಓದಬೇಕಾಗುತ್ತದೆ.

ಈ ಶಾಸನದ ಅಕ್ಷರಗಳು ವಾಲ್ವಿನ ಗಾಜಿನ ಮೇಲಿವೆ. ಯೂರೋಪಿನ ಪದ್ಧತಿಯ ‘ಇಎಲ್ 84’ ಎಂಬ ಹೆಸರನ್ನು ಬಿಡಿಸಿದರೆ, ‘ಇ’ ಎಂಬುದು ಒಳಗಿನ ತಂತಿಯನ್ನು ಕಾಯಿಸಲು 6.3 ವೋಲ್ಟು ಬೇಕೆಂಬುದನ್ನೂ, ‘ಎಲ್’ ಎಂಬುದು ಅದು ಸ್ಪೀಕರಿಗೆ ಶಕ್ತಿಯನ್ನೊದಗಿಸುವ ಪೆಂಟೋಡ್ ಎಂಬುದನ್ನೂ, 8 ಎಂಬುದು ಒಂಬತ್ತು ಪಿನ್ನುಗಳ ಸಾಕೆಟ್ಟನ್ನೂ ಸೂಚಿಸುತ್ತವೆ. ಎಲ್ಲ ವಾಲ್ವುಗಳ ಹೆಸರು ದೊರೆತರೆ ಯಂತ್ರದ ಸ್ಥೂಲವಿನ್ಯಾಸವು ತಿಳಿಯುತ್ತದೆ. ಮಾದರಿಯ ಸಂಖ್ಯೆಯೂ ಉಳಿದಿದ್ದರೆ, ಅಮೆರಿಕದ ಯಂತ್ರಗಳ ಮಟ್ಟಿಗೆ, ಜಾನ್ ರೈಡರರು 1931ರಿಂದ ಪ್ರಕಟಿಸಿದ ನಕ್ಷಾಸಂಪುಟಗಳಲ್ಲಿ ಹುಡುಕಬಹುದು.

ಆದರೆ ಇಲ್ಲಿ ಪ್ರಮಾದಕ್ಕೂ ಅವಕಾಶವುಂಟು. ಯಶವಂತಪುರಕ್ಕೆ ಸಮೀಪದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಕೈಕೊಂಡಿತು. ಅದರ ಮುದ್ರೆಯುಳ್ಳ ವಾಲ್ವೊಂದನ್ನು ಕಂಡ ಮಾತ್ರಕ್ಕೆ ಯಂತ್ರವೇ 1961ರ ಈಚಿನದೆಂದು ನಿರ್ಣಯಿಸುವುದು ಯುಕ್ತವಲ್ಲ. ವಾಲ್ವು ಸವೆಯುವ ವಸ್ತು. ಹಳೆಯದು ಕೆಟ್ಟರೆ ಹೊಸದನ್ನು ಹಾಕುವುದು ವಾಡಿಕೆ. ಪ್ರಾಚೀನ ಕಾವ್ಯದೊಳಗೆ ಸೇರಿದ ಪ್ರಕ್ಷಿಪ್ತ ಪದ್ಯದಿಂದ ಕಾವ್ಯದ ಕಾಲವನ್ನು ನಿರ್ಣಯಿಸಲಾದೀತೆ?

ಮೂಲಪಾಠವನ್ನು ಸಾಕೆಟ್ಟಿನಲ್ಲಿ ಹುಡುಕಬೇಕು. ಎಂಟು ಪಿನ್ನುಗಳ ಆಕ್ಟಲ್ ಸಾಕೆಟ್ಟು 1935ರಲ್ಲಿ ಬಳಕೆಗೆ ಬಂದಿತು. ಒಂಬತ್ತು ಪಿನ್ನುಗಳ ಚಿಕ್ಕ ಸಾಕೆಟ್ಟು ಎರಡನೆಯ ಮಹಾಯುದ್ಧದ ಅನಂತರದ್ದು. ಉಳಿದವೆಲ್ಲ ಆಕ್ಟಲ್ ಆಗಿದ್ದು, ಒಂದು ಮಾತ್ರ ಚಿಕ್ಕದಾಗಿ, ಅದರ ಸುತ್ತ ಬೇರೆ ತಗಡೂ ಬೇರೆ ಬೆಸುಗೆಯೂ ಕಂಡರೆ, ಅದು ರಿಪೇರಿಯವರ ಕೈವಾಡವೆಂದು ಊಹಿಸಬಹುದು. ಸ್ಟೇಷನ್ನುಗಳ ಹೆಸರಿರುವ ಡಯಲಿನ ಗಾಜೂ ಸಾಕ್ಷಿಯೇ. ಬೆಂಗಳೂರಿನ ಆಕಾಶವಾಣಿ ನಿಲಯವು ಆರಂಭವಾದುದು 1955ರಲ್ಲಿ. ಆ ಹೆಸರಿರುವ ಗಾಜು ಅದಕ್ಕಿಂತ ಬಹಳ ಹಿಂದಿನದಾಗಲಾರದು. ಹೆಸರಿಲ್ಲದಿರುವುದರಿಂದ ಮಾತ್ರ ಏನೂ ಸಿದ್ಧವಾಗದು, ಹೊರದೇಶದ ತಯಾರಕರು ಎಲ್ಲ ಊರುಗಳ ಹೆಸರನ್ನೂ ಅಚ್ಚುಮಾಡುತ್ತಿರಲಿಲ್ಲವಷ್ಟೆ.

ಆದಕಾರಣ ಹಳೆಯ ಯಂತ್ರವನ್ನು ಸರಿಪಡಿಸಹೊರಡುವವರು, ವಾಲ್ವನ್ನು ಕೀಳುವುದಕ್ಕೆ ಮುಂಚೆ ಅದರ ಹೆಸರು, ಮುದ್ರೆ, ಸ್ಥಾನಗಳನ್ನು ಬರೆದಿಡುವುದು ಅವಶ್ಯ. ನಕ್ಷೆಯು ಇಂದಲ್ಲ ನಾಳೆ ಬೇರೆಡೆ ದೊರೆತೀತು. ಯಂತ್ರದಲ್ಲಿರುವ ಈ ಗುರುತುಗಳು ಒಮ್ಮೆ ಅಳಿದರೆ ಮತ್ತೆ ದೊರೆಯಲಾರವು.