ನ್ಯೂ ಆರ್ಲಿಯನ್ಸ್ ಕಾರ್ನಿವಲ್: ಕತ್ರಿನಾ ನಂತರದ ವರ್ಷಗಳು

ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದ ಕಾರ್ನಿವಲ್ ಜನವರಿ 6ರ ಮೂರು ರಾಯರ ಹಬ್ಬಕ್ಕೆ ಶುರುವಾಗಿ, ವಿಭೂತಿ ಬುಧವಾರದ ಹಿಂದಿನ ದಿನವಾದ ಮಾರ್ಡಿ ಗ್ರಾ ಮಂಗಳವಾರಕ್ಕೆ ಮುಗಿಯುತ್ತದೆ. 1857ರಲ್ಲಿ ಕೋಮಸ್ ಎಂಬ ಸಂಘ ಹೊರಡಿಸಿದ ರಾತ್ರಿ ಮೆರವಣಿಗೆಯಿಂದ ಈಗಿನ ರೂಪ ಬೆಳೆಯಿತು. ಮೆರವಣಿಗೆ ನಡೆಸುವುದು ಸರ್ಕಾರವಲ್ಲ, 'ಕ್ರೂ' ಎನ್ನಿಸಿಕೊಳ್ಳುವ ಖಾಸಗಿ ಸಂಘಗಳು. ಸದಸ್ಯರೇ ವಂತಿಗೆ ಹಾಕಿ ಅಲಂಕಾರದ ಬಂಡಿಗಳನ್ನು ಕಟ್ಟಿಸಿ, ಮುಖವಾಡ ತೊಟ್ಟು, ನೆರೆದವರತ್ತ ಮಣಿಸರಗಳನ್ನು ಎಸೆಯುತ್ತಾರೆ. ಪೊಲೀಸ್ ಬಂದೋಬಸ್ತು ಮತ್ತು ಕಸದ ವಿಲೇವಾರಿ ಮಾತ್ರ ನಗರಾಡಳಿತದ ಹೊಣೆ. 2006ರಲ್ಲಿ ದೊಡ್ಡ ತೊಡಕಾದದ್ದು ಈ ಹೊಣೆಯೇ.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿದಾಗ ನಗರವನ್ನು ಮುಳುಗಿಸಿದ್ದು ಗಾಳಿಯಲ್ಲ. 17ನೇ ಬೀದಿಯ ಕಾಲುವೆ, ಲಂಡನ್ ಅವೆನ್ಯೂ ಕಾಲುವೆ ಮತ್ತು ಇಂಡಸ್ಟ್ರಿಯಲ್ ಕಾಲುವೆಗಳ ತಡೆಗೋಡೆಗಳು ಒಡೆದು ಊರಿನ ಸುಮಾರು ಶೇ 80 ಭಾಗ ನೀರಿನಡಿ ಹೋಯಿತು. ಕರಾವಳಿಯುದ್ದಕ್ಕೂ ಸತ್ತವರು 1,300ಕ್ಕೂ ಹೆಚ್ಚು. ನಾಲ್ಕೂವರೆ ಲಕ್ಷದಷ್ಟಿದ್ದ ಜನ ಹ್ಯೂಸ್ಟನ್, ಅಟ್ಲಾಂಟಾ ಮೊದಲಾದೆಡೆ ಚದುರಿಹೋದರು.

ನೀರು ಇಳಿದ ಮೇಲೆ ಮರಳಿ ಬಂದವರ ಮೊದಲ ಕೆಲಸ ಫ್ರಿಜ್ ಹೊರಗೆ ಸಾಗಿಸುವುದಾಗಿತ್ತು. ವಾರಗಟ್ಟಲೆ ಕರೆಂಟಿಲ್ಲದೆ ಒಳಗಿನ ಮಾಂಸ, ಸಿಗಡಿ ಕೊಳೆತು ಹುಳ ಬಿದ್ದಿದ್ದವು. ಬಾಗಿಲು ತೆರೆಯದಂತೆ ಟೇಪು ಸುತ್ತಿ ಬೀದಿಯಂಚಿನಲ್ಲಿ ನಿಲ್ಲಿಸಿದ ಸಾವಿರಾರು ಫ್ರಿಜ್‌ಗಳ ಮೇಲೆ ಜನ ಬಣ್ಣದಲ್ಲಿ ಬೈಗುಳ, ನಗೆಚಾಟಿಕೆ, ರಾಜಕಾರಣಿಗಳ ಹೆಸರು ಬರೆದರು. ಗೋಡೆಗಳಲ್ಲಿ ನೀರು ನಿಂತ ಕಂದುಗೆರೆ, ಅದರ ಮೇಲೆ ಬೂಷ್ಟು. ಬಾಗಿಲ ಪಕ್ಕದಲ್ಲಿ ಶೋಧ ತಂಡದವರು ಬರೆದ ಗುಣಾಕಾರ ಚಿಹ್ನೆ, ಅದರ ಮೂಲೆಗಳಲ್ಲಿ ತಾರೀಕು, ಒಳಗೆ ಸಿಕ್ಕ ಹೆಣಗಳ ಲೆಕ್ಕ. ಹಾರಿಹೋದ ಹೆಂಚಿನ ಜಾಗದಲ್ಲಿ ನೀಲಿ ಟಾರ್ಪಾಲು, ಅಂಗಳದಲ್ಲಿ ಸರ್ಕಾರ ಕೊಟ್ಟ ಟ್ರೇಲರ್ ಮನೆ. ಕೆನಾಲ್ ಸ್ಟ್ರೀಟಿನ ಕೆಂಪು ಟ್ರಾಮುಗಳು ನೆರೆಯಲ್ಲಿ ಕೆಟ್ಟಿದ್ದವು. ಸೇಂಟ್ ಚಾರ್ಲ್ಸ್ ಮಾರ್ಗದ ಹಳೆಯ ಹಸಿರು ಟ್ರಾಮುಗಳು ಉಳಿದಿದ್ದರೂ ಅಲ್ಲಿನ ತಂತಿಗಳು ಹಾಳಾಗಿದ್ದವು. ಹೀಗಾಗಿ ಕೆಲಕಾಲ ಹಸಿರು ಟ್ರಾಮುಗಳು ಕೆಂಪು ಟ್ರಾಮಿನ ದಾರಿಯಲ್ಲಿ ಓಡಿದವು.

ಇಂಥ ಊರಲ್ಲಿ ಹಬ್ಬ ಬೇಕೆ? ಮೇಯರ್ ರೇ ನೇಗಿನ್ ಆಡಳಿತ 2005ರ ಅಕ್ಟೋಬರಿನಲ್ಲಿ ಸುಮಾರು 3,000 ನೌಕರರನ್ನು ತೆಗೆಯುವುದಾಗಿ ಸಾರಿತ್ತು. ಬಂದೋಬಸ್ತಿಗೆ ಬೊಕ್ಕಸದಲ್ಲಿ ಹಣವಿರಲಿಲ್ಲ. ನಿರಾಶ್ರಿತರಲ್ಲಿ ಅನೇಕರು, ಅದರಲ್ಲೂ ಕರಿಯರು, ತಮ್ಮನ್ನು ಮನೆಗೆ ಕರೆತರದೆ ಕುಣಿತಕ್ಕೆ ದುಡ್ಡು ಸುರಿಯುವುದು ಯಾವ ನ್ಯಾಯ ಎಂದು ಕೇಳಿದರು. ಹೋಟೆಲು, ಬಾರು, ಬ್ಯಾಂಡಿನವರ ಉತ್ತರವೂ ಹೊಟ್ಟೆಪಾಡಿನದೇ: ಪ್ರವಾಸಿಗರು ಬಾರದಿದ್ದರೆ ಮರಳಿ ಬಂದವರಿಗೆ ಕೆಲಸವೇ ಇಲ್ಲ. ಇಬ್ಬರ ಮಾತೂ ನಿಜವಾಗಿತ್ತು. ಕೊನೆಗೆ ಮೆರವಣಿಗೆಗಳನ್ನು ಎಂಟು ದಿನಕ್ಕೆ ಇಳಿಸಲಾಯಿತು. ಮೊದಲ ಬಾರಿಗೆ ಅಧಿಕೃತ ಪ್ರಾಯೋಜಕರನ್ನು ಹುಡುಕಿದಾಗ ಸಿಕ್ಕಿದ್ದು ಗ್ಲ್ಯಾಡ್ ಎಂಬ ಕಸದ ಚೀಲದ ಕಂಪನಿ. ದೇಣಿಗೆಯ ಜೊತೆಗೆ ಲಕ್ಷ ಚೀಲಗಳನ್ನೂ ಕೊಟ್ಟಿತು. ಫೆಬ್ರವರಿ 4ಕ್ಕೆ ನಿಗದಿಯಾಗಿದ್ದ ಮೇಯರ್ ಚುನಾವಣೆ ಏಪ್ರಿಲ್ 22ಕ್ಕೆ ಹೋಯಿತು, ಕಾರ್ನಿವಲ್ ಮಾತ್ರ ಮುಂದೆ ಹೋಗಲಿಲ್ಲ.

ಫೆಬ್ರವರಿ 11ರಂದು ಫ್ರೆಂಚ್ ಕ್ವಾರ್ಟರ್ ಬಡಾವಣೆಯಲ್ಲಿ ಸಾಗಿದ ಕ್ರೂ ಡ್ಯು ವ್ಯೂ ಹಳೆಯ ವಿಡಂಬನೆಯ ಸಂಘ. ಅದರ ಪುಟ್ಟ ಬಂಡಿಗಳನ್ನು ಹೇಸರಗತ್ತೆಗಳು ಎಳೆಯುತ್ತವೆ. ಆ ವರ್ಷದ ವಸ್ತು ಒಡೆದ ತಡೆಗೋಡೆಗಳೇ. 1803ರಲ್ಲಿ ಮಾರಿದ ಲೂಯಿಸಿಯಾನವನ್ನು ಮರಳಿ ಕೊಳ್ಳುವಂತೆ ಫ್ರಾನ್ಸಿನ ಅಧ್ಯಕ್ಷ ಶಿರಾಕ್‌ರನ್ನು ಒಂದು ಬಂಡಿ ಬೇಡಿಕೊಂಡಿತು. ಫೆಬ್ರವರಿ 28ರ ಮಾರ್ಡಿ ಗ್ರಾ ದಿನ ನೀಲಿ ಟಾರ್ಪಾಲನ್ನೇ ಅಂಗಿ, ಲಂಗ ಮಾಡಿ ತೊಟ್ಟವರೂ ಫ್ರಿಜ್ ವೇಷದವರೂ ಬೀದಿಯಲ್ಲಿದ್ದರು.

ಕರಿಯರ ಜೂಲು ಸಂಘದೊಳಗೇ ಮೆರವಣಿಗೆಯ ಬಗ್ಗೆ ಒಮ್ಮತವಿರಲಿಲ್ಲ. ಈ ಸಂಘದ ಮೆರವಣಿಗೆಯ ಮೊದಲ ರಾಜನ ಕಾಲ 1909, ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ರಾಜನಾದದ್ದು 1949. ಬ್ರಾಡ್ ಸ್ಟ್ರೀಟಿನ ಸಂಘದ ಕಟ್ಟಡಕ್ಕೂ ಹಲವು ಸದಸ್ಯರ ಮನೆಗಳಿಗೂ ನೀರು ನುಗ್ಗಿತ್ತು. ಆದರೂ ಹೊರಟರು, ಬಣ್ಣ ಬಳಿದ ತೆಂಗಿನಕಾಯಿಗಳನ್ನು ಹಂಚಿದರು. ಮೆರವಣಿಗೆಗಳ ಮುಖ್ಯ ದಾರಿ ಸೇಂಟ್ ಚಾರ್ಲ್ಸ್ ಅವೆನ್ಯೂ. ಅದರ ಬಹುಪಾಲು ಮಿಸಿಸಿಪಿ ದಂಡೆಯ ಎತ್ತರದ ನೆಲ, ನೆರೆ ಮುಟ್ಟದ ಭಾಗ. ಹೊರಗಿನಿಂದ ಬಂದವರು ಆ ದಾರಿಯಲ್ಲೇ ನಿಂತು ನೋಡಿ ಹೋಗಿದ್ದರೆ ಊರು ಚೇತರಿಸಿಕೊಂಡಿದೆ ಎಂದೇ ನಂಬುತ್ತಿದ್ದರು. ಕೆಲವೇ ಕಿಲೋಮೀಟರ್ ಆಚೆಯ ಲೋಯರ್ ನೈಂತ್ ವಾರ್ಡಿನಲ್ಲಿ ಕುಡಿಯುವ ನೀರೂ ಇರಲಿಲ್ಲ.

ಕಾರ್ನಿವಲ್ಲಿನ ಇನ್ನೊಂದು ಧಾರೆ ಮಾರ್ಡಿ ಗ್ರಾ ಇಂಡಿಯನ್ನರದು. ಇವರು ಕರಿಯರ ಬಡಾವಣೆಗಳ ತಂಡಗಳವರು. ವರ್ಷವಿಡೀ ಕೂತು ಮಣಿ, ಗರಿಗಳ ಉಡುಪು ಹೊಲಿಯುತ್ತಾರೆ. ಅವರ ಹಿರಿಯ ನಾಯಕ ಟೂಟಿ ಮೊಂಟಾನ 2005ರ ಜೂನ್ 27ರಂದು, ಚಂಡಮಾರುತಕ್ಕೆ ಎರಡು ತಿಂಗಳು ಮುನ್ನ, ಪೊಲೀಸರ ದೌರ್ಜನ್ಯದ ವಿರುದ್ಧ ನಗರಸಭೆಯಲ್ಲಿ ಮಾತಾಡುತ್ತಲೇ ಕುಸಿದು ತೀರಿಕೊಂಡಿದ್ದರು. ಆಮೇಲೆ ನೆರೆ ಈ ತಂಡಗಳ ಬಡಾವಣೆಗಳನ್ನೇ ಹೆಚ್ಚಾಗಿ ಖಾಲಿ ಮಾಡಿತು. 2006ರಲ್ಲಿ ಹೊರ ಊರುಗಳಿಂದ ಉಡುಪು ಹೊತ್ತು ಬಂದವರು ಬೀದಿಗಿಳಿದರು.

ಸೇಂಟ್ ಚಾರ್ಲ್ಸ್ ಟ್ರಾಮು ಪೂರ್ತಿ ಮಾರ್ಗದಲ್ಲಿ ಓಡಿದ್ದು 2008ರಲ್ಲಿ. 2010ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 3,43,829. 2000ದಲ್ಲಿ ಅದು 4,84,674 ಇತ್ತು. ಬಂಡಿಗಳು ಎಂದಿನಂತೆ ಹೊರಟರೂ ನೋಡುವವರ ಸಾಲಿನಲ್ಲಿ ಹಳೆಯ ನೆರೆಹೊರೆಯವರು ಕಡಿಮೆಯಾಗಿದ್ದರು. ಕೋವಿಡ್ ಕಾರಣ 2021ರಲ್ಲಿ ಮೆರವಣಿಗೆಗಳು ರದ್ದಾದಾಗ ಜನ ಮನೆಗಳನ್ನೇ ಬಂಡಿಗಳಂತೆ ಸಿಂಗರಿಸಿ, ಆ ಕೆಲಸಕ್ಕೆ ಬಂಡಿ ಕಟ್ಟುವ ಕಲಾವಿದರನ್ನು ಕರೆದರು. ಮರುವರ್ಷ ಮೆರವಣಿಗೆ ಮರಳಿತು; ಪೊಲೀಸರ ಕೊರತೆಯಿಂದಾಗಿ ದಾರಿಗಳನ್ನು ಮೊಟಕುಗೊಳಿಸಬೇಕಾಯಿತು.