ಗೋರಿಗಳ ಬೀದಿ, ನೀರಿನ ಊರು

ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ವಿಜಯಪುರವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುವವನು ಒಂದು ಗೋರಿಯಿಂದ ಹೊರಟು ಇನ್ನೊಂದು ಗೋರಿಯನ್ನು ಸೇರುತ್ತಾನೆ. ಮೂಡಣಕ್ಕೆ, 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಗೋಳಗುಮ್ಮಟ. ಪಡುವಣಕ್ಕೆ, ಕೋಟೆಗೋಡೆಯ ಆಚೆ, ಅವನ ತಂದೆ ಎರಡನೆಯ ಇಬ್ರಾಹಿಮನ ರೋಜಾ. ನಡುವಿನ ಮಹಾತ್ಮ ಗಾಂಧಿ ರಸ್ತೆಯ ಪೇಟೆಗದ್ದಲಕ್ಕೆ ಸಮೀಪದಲ್ಲಿಯೇ ಮೂರನೆಯದು, ಬಾರಾ ಕಮಾನ್. ಎರಡನೆಯ ಅಲಿ 1672ರಲ್ಲಿ ಮಡಿದಾಗಲೂ ಅವನ ಗೋರಿ ಪೂರ್ಣಗೊಂಡಿರಲಿಲ್ಲ. ಇಂದಿಗೂ ಅಲ್ಲಿ ಆಕಾಶವೇ ಮಾಳಿಗೆ.

ಪ್ರವಾಸಿಗರು ಗೋಳಗುಮ್ಮಟದಲ್ಲಿ ಕೂಗಿ, ಪ್ರತಿಧ್ವನಿ ಕೇಳಿ, ತೃಪ್ತರಾಗಿ ಮರಳುತ್ತಾರೆ. ತಪ್ಪೇನಿಲ್ಲ, ಹೊರವ್ಯಾಸವೇ 44 ಮೀಟರಿರುವ ಗುಮ್ಮಟವದು! ಆದರೆ ಬರಗಾಲದ ಈ ಸೀಮೆಯಲ್ಲಿ ರಾಜಧಾನಿಯನ್ನು ಸಾಕಿದ್ದು ಕಣ್ಣಿಗೆ ಬೀಳದ ನೀರು. ಪಶ್ಚಿಮದ ತೊರವಿಯ ಕಡೆಯಿಂದ ಅದು ನೆಲದಡಿಯ ಸುರಂಗಗಳಲ್ಲಿ ಹರಿದು ಬರುತ್ತಿತ್ತು. 1651ರಲ್ಲಿ ದಕ್ಷಿಣಕ್ಕೆ ಬೇಗಂ ತಲಾಬ್ ನಿರ್ಮಾಣವಾಯಿತು; ಅಲ್ಲಿಂದ ಮಣ್ಣಿನ ಕೊಳವೆಗಳು, ಒತ್ತಡ ತಗ್ಗಿಸಲು ನಡುನಡುವೆ ಗಂಜ್ ಎಂಬ ಗೋಪುರಗಳು.

ಮೆಕ್ಕಾ ದರವಾಜೆಯ ಬಳಿಯ ತಾಜ್ ಬಾವಡಿ 1620ರದು. ಅದು ರಾಣಿ ತಾಜ್ ಸುಲ್ತಾನಾಳ ಹೆಸರನ್ನು ಹೊತ್ತಿದೆ. ರೋಜಾವನ್ನು ಮೊದಲು ಯೋಜಿಸಿದ್ದು ಸಹ ಅವಳಿಗಾಗಿಯೇ. ಇಬ್ರಾಹಿಮನೇ 1627ರಲ್ಲಿ ಮುಂಚಿತವಾಗಿ ತೀರಿಕೊಂಡ. ಗೋರಿ ಒಬ್ಬ ಅರಸನ ಮನೆತನಕ್ಕೆ ಮೀಸಲು. ಬಾವಡಿಯಾದರೋ ದಾರಿಹೋಕನದೂ ಹೌದು. ಅದರ ಸುತ್ತ ದಣಿದವರು ತಂಗಲು ಕೋಣೆಗಳಿದ್ದವು.

1686ರಲ್ಲಿ ಔರಂಗಜೇಬನು ನಗರವನ್ನು ವಶಪಡಿಸಿಕೊಂಡ ಬಳಿಕ ಜನ ಚದುರಿದರು. ಗುಮ್ಮಟಗಳನ್ನು ಕಾಪಾಡುವವರು ಮುಂದೆ ಬಂದರು. ಬಾವಡಿಗಳು ಮಾತ್ರ, ಮನೆಗೆ ನಲ್ಲಿ ಬಂದ ಮೇಲೆ, ಕಸದ ಗುಂಡಿಗಳಾದವು. ತೀರ ಈಚೆಗೆ, ಕಳೆದ ದಶಕದಲ್ಲಿ, ತಾಜ್ ಬಾವಡಿಯ ಹೂಳೆತ್ತಲಾಯಿತು.