ನಿಂತ ಗಾಡಿಯ ಬಾಡಿಗೆ

ನಮ್ಮ ಚಿಕ್ಕಪ್ಪನ ಟಾಟಾ ಏಸ್ 41 ದಿನ ನಿಂತಿತ್ತು. ಲೆಕ್ಕ ನನಗೆ ಗೊತ್ತಿರೋದು ಅವರ ನೋಟ್‌ಬುಕ್ಕಿಂದ. ಯಶವಂತಪುರದ ಎಪಿಎಂಸಿ ಯಾರ್ಡಲ್ಲಿ ಈರುಳ್ಳಿ, ಆಲೂಗಡ್ಡೆ ತುಂಬಿಕೊಂಡು ಬಿಇಎಲ್ ಸರ್ಕಲ್, ಹೆಬ್ಬಾಳ ದಾಟಿ ಯಲಹಂಕದ ಅಂಗಡಿಗಳಿಗೆ ಹಾಕೋದು ಅವರ ಲೈನು. ಡೀಸೆಲ್ ಇಷ್ಟು, ಹಮಾಲಿ ಇಷ್ಟು, ಬಾಡಿಗೆ ಇಷ್ಟು ಅಂತ ದಿನಾ ರಾತ್ರಿ ಬರೆಯೋರು. 2012ರ ನೋಟ್‌ಬುಕ್ಕಲ್ಲಿ ಎರಡು ಪುಟದಲ್ಲಿ ಬರೀ ತಾರೀಕು ಇದೆ, ಅದರ ಮುಂದೆ ಒಂದೊಂದು ಅಡ್ಡಗೆರೆ.

ಏರ್‌ಪೋರ್ಟ್ ರಸ್ತೆ ಮೇಲೆ ಎಲಿವೇಟೆಡ್ ಹೆದ್ದಾರಿ ಕಟ್ತಿದ್ದ ಕಾಲ ಅದು. ಕೊಡಿಗೇಹಳ್ಳಿ ಗೇಟ್ ಹತ್ತಿರ ಹಿಂದಿನಿಂದ ಟಿಪ್ಪರ್ ಗುದ್ದಿ, ಏಸ್ ಹೋಗಿ ಕಾಮಗಾರಿಯ ಕಾಂಕ್ರೀಟ್ ತಡೆಗೆ ಮೂತಿ ಕೊಟ್ಟಿತು. ಜೊತೆಗಿದ್ದ ಹುಡುಗನ ಕೈ ಮುರಿಯಿತು. ಕೇಸಾಯ್ತು, ಎರಡೂ ಗಾಡಿ ಸ್ಟೇಷನ್ ಸೇರಿದವು. ಚಿಕ್ಕಪ್ಪನಿಗೆ ಒಂದು ಗೀರೂ ಆಗಿರಲಿಲ್ಲ. ‘ಪುಣ್ಯ’ ಅಂದ್ವಿ ಎಲ್ಲರೂ. ಅವರು ಮಾತ್ರ ಸುಮ್ಮನೆ ಕೂತಿದ್ದರು.

ಅವರ ಗಾಡಿಗೆ ಏನಾಯ್ತು ಅನ್ನೋದು ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾವೆಲ್ಲ ‘ಥರ್ಡ್ ಪಾರ್ಟಿ’ ಅಂತೀವಲ್ಲ, ಆ ಕಡ್ಡಾಯ ವಿಮೆಯನ್ನ ಬ್ರಿಟನ್ 1930ರಲ್ಲಿ ತಂದಿತು. ಇಲ್ಲಿ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೊಂದು ಅಧ್ಯಾಯ ಇತ್ತು, ಆದರೆ ಅದು ಜಾರಿಯಾಗಿದ್ದು 1946ರ ಜುಲೈ 1ರಂದು. ಆ ವಿಮೆ ನೋಡ್ತಿದ್ದುದು ಸಾವು ಮತ್ತು ಗಾಯವನ್ನ ಮಾತ್ರ. ಅದು ಸರಿಯೇ, ಮೊದಲು ಜೀವ. ಪರಿಹಾರಕ್ಕೆ ಪ್ರತ್ಯೇಕ ನ್ಯಾಯಮಂಡಳಿ ಅನ್ನೋ ಏರ್ಪಾಡು 1956ರ ತಿದ್ದುಪಡಿಯಲ್ಲಿ ಬಂತು. ಬೆಂಗಳೂರಲ್ಲಿ ಇವತ್ತಿಗೂ ಆ ಕೆಲಸ ಮಾಡೋದು ಸ್ಮಾಲ್ ಕಾಸಸ್ ಕೋರ್ಟು. ಎದುರಿನವನ ಆಸ್ತಿಗೆ ಆದ ನಷ್ಟ ಕಡ್ಡಾಯ ವಿಮೆಯೊಳಗೆ ಸೇರಿದ್ದು 1969ರ ತಿದ್ದುಪಡಿಯಿಂದ. ಮಿತಿ 2000 ರೂಪಾಯಿ. 1982ರಲ್ಲಿ ಅದನ್ನ 6000 ಮಾಡಿದರು. 1988ರ ಹೊಸ ಕಾಯ್ದೆ ಬಂದಾಗಲೂ ಅದೇ 6000. 2019ರ ತಿದ್ದುಪಡಿ ತನಕ ಆ ಅಂಕಿ ಅಲುಗಾಡಲಿಲ್ಲ. ವ್ಯವಹಾರದಲ್ಲಿ ವಿಮಾ ಕಂಪನಿಗಳು ಲಾರಿ, ಟೆಂಪೋಗಳಿಗೆ ಏಳೂವರೆ ಲಕ್ಷದ ತನಕ ಕವರ್ ಕೊಡ್ತಾ ಬಂದವು ಅನ್ನೋದು ನಿಜ. ಆದರೆ ಕಾಯ್ದೆಯ ಕಣ್ಣಲ್ಲಿ ಗಾಡಿಗೆ ಎಷ್ಟು ಬೆಲೆ ಇತ್ತು ಅನ್ನೋದಕ್ಕೆ ಆ ಅಂಕಿ ಸಾಕು.

(ಅಂದಹಾಗೆ, ‘ಟೆಂಪೋ’ ಅನ್ನೋದು ಮೂಲತಃ ಜರ್ಮನಿಯ ಒಂದು ಬ್ರ್ಯಾಂಡ್ ಹೆಸರು. ಅವರ ಜೊತೆ ಕೈಜೋಡಿಸಿ ಗಾಡಿ ಮಾಡಿದ ಬಜಾಜ್ ಟೆಂಪೋ 2005ರಲ್ಲಿ ತನ್ನ ಹೆಸರಿಂದ ಟೆಂಪೋ ತೆಗೆದು ಫೋರ್ಸ್ ಆಯ್ತು. ಅದೇ ವರ್ಷ ಟಾಟಾ ಏಸ್ ಬಂತು. ನಮ್ಮ ಯಾರ್ಡಿನವರು ಅದನ್ನೂ ಟೆಂಪೋ ಅಂತಲೇ ಕರೆದರು.)

ಮೊದಲು ಸ್ಟೇಷನ್. 1988ರ ಕಾಯ್ದೆಯ 136ನೇ ಸೆಕ್ಷನ್ ಪ್ರಕಾರ ಅಪಘಾತದ ಗಾಡಿಯನ್ನ ಪರೀಕ್ಷೆ ಮುಗಿಸಿ 24 ಗಂಟೆಯೊಳಗೆ ವಾಪಸ್ ಕೊಡಬೇಕು. ಪರೀಕ್ಷೆ ಮಾಡೋರು ಸಾರಿಗೆ ಇಲಾಖೆಯವರು, ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್. ಅವರು ಇಷ್ಟು ದಿನದೊಳಗೆ ಬರಲೇಬೇಕು ಅಂತ ಮಾತ್ರ ಅಲ್ಲಿ ಬರೆದಿಲ್ಲ. 2002ರ ಅಕ್ಟೋಬರ್ 1ರಂದು ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜಪ್ತಾದ ಗಾಡಿಗಳನ್ನ ಸ್ಟೇಷನ್ ಮುಂದೆ ಕೊಳೆಹಾಕೋದರಿಂದ ಯಾರಿಗೂ ಉಪಯೋಗ ಇಲ್ಲ, ಬಾಂಡ್ ಬರೆಸಿಕೊಂಡು ಕೊಟ್ಟುಬಿಡಿ, ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು ಅಂದಿತ್ತು. ಚಿಕ್ಕಪ್ಪನ ಗಾಡಿ ಹತ್ತೊಂಬತ್ತನೇ ದಿನ ಈಚೆ ಬಂತು. ಅಂದರೆ ಸುಪ್ರೀಂ ಕೋರ್ಟಿನ ಲೆಕ್ಕದಲ್ಲಿ ತಡವೇನೂ ಆಗಿರಲಿಲ್ಲ! ಅಷ್ಟರಲ್ಲಿ ಬ್ಯಾಟರಿ ಯಾರೋ ಬಿಚ್ಚಿಕೊಂಡಿದ್ದರು.

ಆಮೇಲೆ ಸರ್ವೇಯರ್. ಒಂದು ಮೊತ್ತ ದಾಟಿದ ಕ್ಲೇಮಿಗೆ ಲೈಸೆನ್ಸ್ ಇರೋ ಸರ್ವೇಯರ್ ವರದಿ ಬೇಕೇ ಬೇಕು ಅನ್ನೋದು ವಿಮಾ ಕಾಯ್ದೆಗೆ 1968ರಲ್ಲಿ ಸೇರಿದ ನಿಯಮ. ಬಂದ ಸರ್ವೇಯರ್ ಒಳ್ಳೆ ಮನುಷ್ಯ, ಕೂರಿಸಿಕೊಂಡು ಲೆಕ್ಕ ತೋರಿಸಿದ. ಆ ಲೆಕ್ಕ ಇರೋದು 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಅನ್ನೋ ಪುಸ್ತಕದಲ್ಲಿ. 2007ರಲ್ಲಿ ಪ್ರೀಮಿಯಂ ದರದ ನಿಯಂತ್ರಣ ಹೋದರೂ ಪಾಲಿಸಿಯ ಷರತ್ತುಗಳು ಹೆಚ್ಚುಕಡಿಮೆ ಅವೇ ಉಳಿದವು. ಐದು ವರ್ಷ ದಾಟಿದ ಗಾಡಿಗೆ ಹೊಸ ಲೋಹದ ಭಾಗ ಹಾಕಿದರೆ 40% ಕಡಿತ, ರಬ್ಬರು, ಪ್ಲಾಸ್ಟಿಕ್ಕಿಗೆ ಅರ್ಧ, ಗಾಜಿಗೆ ಮಾತ್ರ ಪೂರ್ತಿ. ಇಷ್ಟು ನಮ್ಮ ಕಾರುಗಳಿಗೂ ಉಂಟು. ಸರಕು ಗಾಡಿಗೆ ಇನ್ನೊಂದಿದೆ. ಬಂಪರ್, ಹೆಡ್‌ಲೈಟ್, ಮಡ್‌ಗಾರ್ಡ್, ಟೈರು, ಪೇಂಟು, ಬಾನೆಟ್ಟಿನ ಪಕ್ಕದ ಭಾಗ ಇವು ಯಾವುವೂ ಮಾಮೂಲಿ ಪಾಲಿಸಿಯಲ್ಲಿ ಬರಲ್ಲ. ಬರಬೇಕಾದರೆ ‘ಐಎಂಟಿ 23’ ಅನ್ನೋ ಷರತ್ತು ಸೇರಿಸಿ ಹೆಚ್ಚಿಗೆ ಪ್ರೀಮಿಯಂ ಕಟ್ಟಬೇಕು. ಟ್ಯಾರಿಫಿನಲ್ಲಿ ಅದು 15%. ಗುದ್ದಿದಾಗ ಮೊದಲು ಒಡೆಯೋದು ಯಾವುವೋ ಅವನ್ನೇ ಆರಿಸಿ ಹೊರಗಿಟ್ಟ ಹಾಗಿದೆ ಆ ಪಟ್ಟಿ. ಟ್ಯಾಕ್ಸಿಗೆ ಈ ಹೊರಗಿಡುವಿಕೆ ಇಲ್ಲ, ಈರುಳ್ಳಿ ಗಾಡಿಗೆ ಇದೆ. ಚಿಕ್ಕಪ್ಪನ ಪಾಲಿಸಿಯಲ್ಲಿ 23 ಇರಲಿಲ್ಲ. ಕಡಿಮೆ ಪ್ರೀಮಿಯಂ ಆಗುತ್ತೆ ಅಂತ ಏಜೆಂಟ್ ಬಿಟ್ಟಿದ್ದ, ಇವರೂ ಖುಷಿಯಾಗಿದ್ದರು.

"ಅದೆಲ್ಲ ಸರಿ ಸಾರ್, ನಲವತ್ತು ದಿನದ ಬಾಡಿಗೆ?" ಅಂದರು ಚಿಕ್ಕಪ್ಪ.

ಸರ್ವೇಯರ್ ಪಾಲಿಸಿ ತಿರುಗಿಸಿ ಒಂದು ಸಾಲು ತೋರಿಸಿದ. ಅಪಘಾತದ ಪರಿಣಾಮವಾಗಿ ಆಗೋ ಬೇರೆ ನಷ್ಟಕ್ಕೆ ಕಂಪನಿ ಹೊಣೆ ಅಲ್ಲ. ಟಿಪ್ಪರಿನವನ ಮೇಲೆ ನ್ಯಾಯಮಂಡಳಿಗೆ ಹೋಗಬಹುದಿತ್ತು. ಹುಡುಗನ ಕೈ ಕೇಸು ಹಾಗೇ ಹೋಯ್ತು, ದುಡ್ಡೂ ಬಂತು. ಗಾಡಿದೂ ಹಾಕಿ ಅಂದೆ ನಾನು. ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ಕಾನೂನೆಲ್ಲ ಗೂಗಲ್ ಮಾಡಿದ್ದೆ.

"ಕೋರ್ಟಿಗೆ ಹೋದ ದಿನಾನೂ ಗಾಡಿ ನಿಲ್ಲುತ್ತಲ್ಲ ಮಗ" ಅಂದರು.

ಗಾಡಿ ರಿಪೇರಿಯಾಗಿ ಬರೋ ಹೊತ್ತಿಗೆ ಯಲಹಂಕದ ಒಂಬತ್ತು ಅಂಗಡಿಗಳಲ್ಲಿ ಐದು ಬೇರೆ ಗಾಡಿಯವನ ಕೈಗೆ ಹೋಗಿದ್ದವು. ಮೊದಲ ಎರಡು ವಾರ ಇವರು ಬೇರೆಯವರ ಟೆಂಪೋ ಹಿಡಿದು ಕಳಿಸಿದ್ದರು, ಕೈಯಿಂದ ದುಡ್ಡು ಹಾಕಿ. ಆಮೇಲೆ ಆಗಲಿಲ್ಲ. ಆ ಅಂಗಡಿಯವರನ್ನ ಬೈಯೋ ಹಾಗೂ ಇಲ್ಲ, ಅವರಿಗೆ ಬೆಳಗ್ಗೆ ಆರಕ್ಕೆ ಈರುಳ್ಳಿ ಬೇಕು. ಹೋದ ಐದರಲ್ಲಿ ಎರಡು ವಾಪಸ್ ಬಂದವು, ಒಂದು ವರ್ಷದ ಮೇಲೆ.

ಈಗ ಗಾಡಿ ಬೇರೆ, ಏಜೆಂಟೂ ಬೇರೆ. ಪಾಲಿಸಿ ರಿನ್ಯೂ ಆಗೋ ದಿನ ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಬೆರಳಿಟ್ಟು ಹುಡುಕ್ತಾರೆ. "ಇಪ್ಪತ್ಮೂರು ಎಲ್ಲಿದೆ ತೋರ್ಸಪ್ಪ" ಅಂತ ಏಜೆಂಟನ್ನ ಕೇಳ್ತಾರೆ. ಅವನು ತೋರಿಸೋ ತನಕ ದುಡ್ಡು ಈಚೆ ತೆಗೆಯಲ್ಲ.